ಹೆಜ್ಜಾರ್ಲೆಯ ಊಟ ಮತ್ತು ಹೊಸ ಕ್ಯಾಮೆರಾ

ಕಳೆದ ಫೆಬ್ರವರಿಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿದ್ದೆ. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ನಾವು ನೋಡುತ್ತಿದ್ದಂತೆ ದೊಡ್ಡ ಹಕ್ಕಿ ಬಾಯಿ ತೆರೆಯಿತು, ಮರಿ ಅದರ ಗಂಟಲಚೀಲದೊಳಕ್ಕೆ ತಲೆ ತೂರಿಸಿತು. ನಾನು ನನ್ನ ಪುಟ್ಟ ಕ್ಯಾಮೆರಾದ ಗುಂಡಿ ಒತ್ತಿದೆ. ಅದು ಯೋಚನೆ ಮಾಡಿ ‘ಕ್ಲಿಕ್’ ಎನ್ನುವಷ್ಟರಲ್ಲಿ ಊಟ ಮುಗಿದಿತ್ತು. ಚಿತ್ರದಲ್ಲಿ ಬಂದದ್ದು ಹಕ್ಕಿಯ ಬೆನ್ನು.

“ತಾತ, ಡಿಎಸ್‌ಎಲ್‌ಆರ್ ತಗೊಳ್ಳೋಣ” ಎಂದಳು ಮೊಮ್ಮಗಳು.

ಮನೆಗೆ ಬಂದು ಹಳೇ ಅಭ್ಯಾಸದಂತೆ ಹಾಳೆಯ ನಡುವೆ ಗೆರೆ ಎಳೆದು ಜಮಾ-ಖರ್ಚು ಬರೆದೆವು.

ಜಮೆಯ ಕಡೆ: ಗುಂಡಿ ಒತ್ತಿದ ಕೂಡಲೇ ಚಿತ್ರ. ಒಳಗಿನ ಕನ್ನಡಿಯಿಂದಾಗಿ ಲೆನ್ಸ್ ಕಂಡದ್ದನ್ನೇ ನಮ್ಮ ಕಣ್ಣೂ ಕಾಣುತ್ತದೆ. ಬೆಳಕು ಹಿಡಿಯುವ ಸೆನ್ಸರ್ ನನ್ನ ಕ್ಯಾಮೆರಾದಲ್ಲಿ ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರ; ಅದರಲ್ಲಿ ಸುಮಾರು 22 ಮತ್ತು 15. ಗುಣಿಸಿ ನೋಡಿ ಮಕ್ಕಳೇ, 12 ಪಟ್ಟು! ಮಬ್ಬು ಬೆಳಕಿನಲ್ಲೂ ಚಿತ್ರ ಚೆನ್ನ.

ಖರ್ಚಿನ ಕಡೆ: ಜೊತೆಗೆ ಬರುವ 18-55 ಮಿ.ಮೀ. ಲೆನ್ಸ್ ಮನೆಮಂದಿಯ ಫೋಟೊಕ್ಕೆ ಸರಿ, ಮರದ ತುದಿಯ ಹಕ್ಕಿಗೆ ಸಾಲದು. 250 ಅಥವಾ 300ರವರೆಗಿನ ಇನ್ನೊಂದು ಲೆನ್ಸ್ ಬೇಕು. ಎಲ್ಲ ಸೇರಿ ಸುಮಾರು ಒಂದು ಕೆ.ಜಿ. ಭಾರ. ಹಣಕ್ಕೆ ಒಂದು ಎಫ್.ಡಿ. ಮುರಿಸಬೇಕು.

ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: “ರೀ, ಆ ಎಫ್.ಡಿ. ಇಟ್ಟಿರೋದು ನಿಮ್ಮ ಕಣ್ಣಿನ ಪೊರೆ ಆಪರೇಷನ್‌ಗೆ. ಬಲಗಣ್ಣು ಮಂಜು ಅಂತ ನೀವೇ ಹೇಳ್ತೀರಿ. ಆ ಕಿಂಡೀಲಿ ಏನು ನೋಡ್ತೀರಿ?”

ನಾನು ಸುಮ್ಮನಾದೆ. ಹೆದರಿಕೆಯಿಂದ ಎರಡು ಸಲ ಆಪರೇಷನ್ ಮುಂದೂಡಿದ್ದೆ. ಮೊಮ್ಮಗಳಿಗೆ ಅದು ಗೊತ್ತಿರಲಿಲ್ಲ. ಅವಳು ನನ್ನ ಕಣ್ಣನ್ನೇ ನೋಡಿದಳು, ಮತ್ತೆ ಕ್ಯಾಮೆರಾದ ಮಾತೆತ್ತಲಿಲ್ಲ.

ಮರುದಿನ ಅವಳು ಹಳೇ ಕ್ಯಾಮೆರಾದ ಪುಸ್ತಕ ಹುಡುಕಿ ಓದಿದಳು. ಗುಂಡಿಯನ್ನು ಮೊದಲು ಅರ್ಧ ಒತ್ತಿ ಹಿಡಿದರೆ ಫೋಕಸ್ ಆಗಿ ಸಿದ್ಧವಿರುತ್ತದಂತೆ. ಆಮೇಲೆ ಪೂರ್ತಿ ಒತ್ತಿದರೆ ತಡವಿಲ್ಲ. ಇಷ್ಟು ವರ್ಷ ನಾನು ಆ ಪುಟ ತಿರುವಿಯೇ ಇರಲಿಲ್ಲ! ಕಾಂಪೌಂಡಿನ ಮೇಲಿನ ಕಾಗೆ ರೊಟ್ಟಿ ಕಚ್ಚಿದ ಗಳಿಗೆಯೇ ಅವಳಿಗೆ ಸಿಕ್ಕಿತು.

ಬರುವ ಸೋಮವಾರ ನನ್ನ ಆಪರೇಷನ್. ಪೊರೆ ತೆಗೆದು ಕಣ್ಣೊಳಗೆ ಪುಟ್ಟ ಲೆನ್ಸ್ ಇಡುತ್ತಾರೆ. ಹಾಳೆಯ ಕೆಳಗೆ “ಮೊದಲು ಈ ಲೆನ್ಸ್, ಆಮೇಲೆ ಆ ಲೆನ್ಸ್” ಎಂದು ಬರೆದು ತಾತ-ಮೊಮ್ಮಗಳು ಇಬ್ಬರೂ ಸಹಿ ಹಾಕಿದ್ದೇವೆ. ಹೆಜ್ಜಾರ್ಲೆಗಳು ಮುಂದಿನ ವರ್ಷವೂ ಬರುತ್ತವೆ.