ನೋಡಿದ್ದನ್ನೇ ನೋಡುವ ಕುರುಕ್ಷೇತ್ರ

ಗೆಳತಿಯರೇ, ಕಳೆದ ಸಲ ಸಂಡಿಗೆ ಹಪ್ಪಳದ ಮಾತಾಯಿತು. ಈ ಸಲ ಅಡುಗೆಮನೆಯಿಂದ ಸ್ವಲ್ಪ ಆಚೆ, ನಾಟಕದ ಬಯಲಿಗೆ ಕರೆದುಕೊಂಡು ಹೋಗುತ್ತೇನೆ, ಬನ್ನಿ.

ರಾಗಿ ಕಣದ ಕೆಲಸ ಮುಗಿದು ಸಂಕ್ರಾಂತಿ ಕಳೆಯಿತೆಂದರೆ ನಮ್ಮ ದೊಡ್ಡಬೆಳವಂಗಲದ ಸುತ್ತಮುತ್ತ ಗೋಡೆಗಳ ಮೇಲೆ ನಾಟಕದ ಪೋಸ್ಟರುಗಳು ಬೀಳುತ್ತವೆ. ಓದುವ ಅಗತ್ಯವೇ ಇಲ್ಲ. ಹೆಚ್ಚಿನವೆಲ್ಲ 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ'. ಕೌರವರು ಸೋಲುತ್ತಾರೆ, ಪಾಂಡವರು ಗೆಲ್ಲುತ್ತಾರೆ, ಹೊಸದೇನೂ ಆಗುವುದಿಲ್ಲ. ಆದರೂ ಜನ ಚಾಪೆ, ಕಂಬಳಿ, ಹುರಿದ ಕಡಲೆಕಾಯಿ ಕಟ್ಟಿಕೊಂಡು ರಾತ್ರಿಯಿಡೀ ಚಳಿಯಲ್ಲಿ ಕೂರುತ್ತಾರೆ. ನಮ್ಮ ಬೀದಿಯಲ್ಲೊಬ್ಬ ತಾತ ಇದ್ದಾರೆ. ದೊಡ್ಡಬಳ್ಳಾಪುರ, ನೆಲಮಂಗಲ, ಆ ಕಡೆ ಕೊರಟಗೆರೆವರೆಗೂ ಎಲ್ಲಿ ಕುರುಕ್ಷೇತ್ರವಾದರೂ ಹಾಜರು. ಮೊದಲು ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಆಮೇಲೆ ಬಸ್ಸು, ಈಗ ಮೊಮ್ಮಗನ ಬೈಕಿನ ಹಿಂದೆ. "ಇದುವರೆಗೆ ಎಷ್ಟಾಯ್ತು ತಾತ?" ಅಂದರೆ "ಎಣಿಸಕ್ಕೆ ಅದೇನು ಕುರಿನೇನಮ್ಮಿ?" ಅನ್ನುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದೆಲ್ಲ ಹುಚ್ಚು ಅನ್ನಿಸುತ್ತಿತ್ತು. ಅದೂ ಬಿಟ್ಟಿ ಹುಚ್ಚಲ್ಲ. ನಮ್ಮ ಕಡೆ ನಾಟಕದಲ್ಲಿ ಪಾರ್ಟು ಮಾಡುವವರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವರೇ ದುಡ್ಡು ಕಟ್ಟಿ ಪಾರ್ಟು ತೆಗೆದುಕೊಳ್ಳಬೇಕು. ಕೃಷ್ಣ, ದುರ್ಯೋಧನ, ಕರ್ಣ ದುಬಾರಿ. ಸಣ್ಣಪುಟ್ಟ ಪಾರ್ಟು ಅಗ್ಗ. ಹಾಗೆ ಕೂಡಿದ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಹೆಣ್ಣು ಪಾರ್ಟಿಗೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಆಗಬೇಕು. ನಮ್ಮವರು ಕರ್ಣನಾಗುತ್ತೇನೆಂದು ಎರಡು ಹಸುವಿನ ಡೈರಿ ಬಟವಾಡೆಯನ್ನು ಮೂರು ತಿಂಗಳು ಹೊತ್ತುಕೊಂಡು ಹೋಗಿ ಕೊಟ್ಟರು. ದಾನಶೂರನೇ ಸರಿ! ನಾಟಕದ ಹಿಂದಿನ ವಾರ ಕೊನೆಯ ಕಂತು ಹೋದಾಗ ನಾನು ಮಾತು ಬಿಟ್ಟೆ.

ಮಾತು ಬಿಟ್ಟರೂ ಕಷಾಯ ಬಿಡಲಿಲ್ಲ. ಎರಡು ತಿಂಗಳಿಗೂ ಮೇಲೆ ದಿನಾ ರಾತ್ರಿ ಶಾಲೆಯ ಜಗುಲಿಯಲ್ಲಿ ತಾಲೀಮು ನಡೆದು ಅವರ ಗಂಟಲು ಕಟ್ಟಿಹೋಗಿತ್ತು. ಎರಡು ಲೋಟ ನೀರಿಗೆ ಒಂದು ಚಮಚ ಜೀರಿಗೆ, ಎಂಟು ಹತ್ತು ಕಾಳು ಮೆಣಸು ತರಿತರಿಯಾಗಿ ಕುಟ್ಟಿ ಹಾಕಿ, ಒಂದು ಚೂರು ಶುಂಠಿ ಜಜ್ಜಿ, ನಾಲ್ಕೆಲೆ ತುಳಸಿ ಸೇರಿಸಿ ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ. ಬೆಲ್ಲವನ್ನು ಇಳಿಸುವ ಮುಂಚೆ ಹಾಕಿ. ನಾಟಕವಿಲ್ಲದ ಮನೆಯಲ್ಲೂ ಕೆಮ್ಮಿಗೆ ಆಗುತ್ತದೆ.

ಈ ಹುಚ್ಚು ಬಂದದ್ದು ಕಂಪನಿ ನಾಟಕಗಳಿಂದ. ತುಮಕೂರು ದಾಟಿದರೆ ಸಿಗುವ ಗುಬ್ಬಿಯಲ್ಲಿ 1884ರಲ್ಲೇ ಕಂಪನಿ ಹುಟ್ಟಿತು. 1934ರಲ್ಲಿ ಗುಬ್ಬಿ ವೀರಣ್ಣನವರು ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಆನೆ ಕುದುರೆ ಸಮೇತ ರಂಗದ ಮೇಲೆ ತಂದರಂತೆ. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಆಮೇಲೆ ಸಿನಿಮಾ ಬೆಳೆಯಿತು, ಟೀವಿ ಬಂತು, ಕಂಪನಿಗಳು ಒಂದೊಂದಾಗಿ ಕ್ಯಾಂಪು ಕಿತ್ತವು. ಹಳ್ಳಿಯವರು ಮಾತ್ರ ಆನೆ ಕುದುರೆ ಬಿಟ್ಟು ಬಾಡಿಗೆ ಪರದೆ ಕಟ್ಟಿಕೊಂಡು ಆಡುತ್ತಲೇ ಇದ್ದಾರೆ. ಕೆಲವರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕೂ ಹೋಗಿ ಆಡಿ ಬರುತ್ತಾರೆ.

ಒಂದೇ ಕತೆಯನ್ನು ಮತ್ತೆ ಮತ್ತೆ ನೋಡುವುದೇಕೆ ಎಂದು ತಾತನನ್ನೇ ಒಮ್ಮೆ ಕೇಳಿದೆ. "ಕತೆ ನೋಡಕ್ಕೆ ಯಾರು ಹೋಗ್ತಾರಮ್ಮಿ? ಆ ಪದ ಇವತ್ತು ಎತ್ತಗೆ ತಿರುಗ್ತದೆ ಅಂತ ನೋಡಕ್ಕೆ ಹೋಗೋದು" ಅಂದರು. ಅಲ್ಲಿಂದ ಮೇಲೆ ನಾನೂ ಕಿವಿಗೊಟ್ಟೆ. ಪ್ರತಿ ಪದ್ಯಕ್ಕೂ ಮೇಷ್ಟ್ರು ಕಲಿಸಿದ ಮಟ್ಟು ಇರುತ್ತದೆ. ಗಂಟಲು ಚೆನ್ನಾಗಿರುವ ಪಾತ್ರಧಾರಿ ಅಷ್ಟಕ್ಕೇ ನಿಲ್ಲದೆ ಆಲಾಪನೆಗೆ ಎಳೆಯುತ್ತಾನೆ. ಮೇಷ್ಟ್ರು ಕಾಲಲ್ಲಿ ಲೆಗ್ ಹಾರ್ಮೋನಿಯಂ ತುಳಿಯುತ್ತಾ ಅವನ ಬೆನ್ನು ಹಿಡಿಯುತ್ತಾರೆ, ತಬಲದವನು ಕಾಯುತ್ತಾನೆ. ಎಲ್ಲಿಗೆ ಹೋಗಿ ಮುಟ್ಟುತ್ತಾರೋ ಆ ಮೂವರಿಗೂ ಗೊತ್ತಿರುವುದಿಲ್ಲ. ಒಂದೊಂದು ರಾತ್ರಿ ಎಲ್ಲಿಗೂ ಮುಟ್ಟದೆ ಮುಗ್ಗರಿಸುವುದೂ ಉಂಟು. ಮುಟ್ಟಿದರೆ ಮಾತ್ರ 'ಒನ್ಸ್ ಮೋರ್' ಕೂಗು, ನೋಟಿನ ಹಾರ. ಎರಡನೇ ಸಲ ಹಾಡಿದಾಗ ಅದೇ ಪದ ಬೇರೆಯೇ ಆಗಿರುತ್ತದೆ.

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಒಂದು ವರ್ಷ ಬಂದವನು ಬೆಳಗಿನ ತನಕ ಕೂತು ನೋಡಿ, "ಚಿಕ್ಕಮ್ಮ, ಇಂಥದ್ದು ಅಲ್ಲೂ ಇತ್ತು" ಅಂದ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ 'ಗ್ರೇಟ್‌ಫುಲ್ ಡೆಡ್' ಎಂಬ ವಾದ್ಯದವರ ತಂಡವಂತೆ. (ಹೆಸರಿನ ಅರ್ಥ ಕೇಳಿ ಬೆಚ್ಚಿದೆ, ಹೆಣಕ್ಕೆಂಥ ಉಪಕಾರಸ್ಮರಣೆ!) ಅವರೂ ಒಂದೇ ಹಾಡನ್ನು ದಿನಕ್ಕೊಂದು ತರಹ ಬೆಳೆಸುತ್ತಿದ್ದರಂತೆ. ಜನ ವ್ಯಾನು ಹತ್ತಿ ಊರಿಂದೂರಿಗೆ ಅವರ ಹಿಂದೆಯೇ ಹೋಗಿ, ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು, ಕ್ಯಾಸೆಟ್ಟುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರಂತೆ. ಜೆರ್ರಿ ಗಾರ್ಸಿಯಾ ಎಂಬ ಮುಖ್ಯ ಹಾಡುಗಾರ 1995ರಲ್ಲಿ ತೀರಿಕೊಳ್ಳುವ ತನಕ 30 ವರ್ಷ ಹೀಗೇ ನಡೆಯಿತಂತೆ. ತಾತನ ಮನೆಯ ಟ್ರಂಕಿನ ತುಂಬ ಇರುವ ಕ್ಯಾಸೆಟ್ಟುಗಳು ನೆನಪಾದವು.

ಇನ್ನು ನಮ್ಮವರು ಮೊದಲ ಸಲ ಕರ್ಣನಾದ ರಾತ್ರಿಯ ಮಾತು ಹೇಳುತ್ತೇನೆ. ಕುಂತಿ ಪಾರ್ಟಿಗೆ ತುಮಕೂರು ಕಡೆಯ ಕಲಾವಿದೆಯೊಬ್ಬರು ಸಂಜೆ ಬಸ್ಸಿಗೆ ಬಂದಿಳಿದರು. ಊಟ ನಮ್ಮ ಮನೆಯಲ್ಲಿ. ಅತ್ತೆಯವರು "ಬಣ್ಣ ಹಚ್ಚೋರು ಒಳಕ್ಕೆ ಬ್ಯಾಡ" ಅಂದುಬಿಟ್ಟರು. ಜಗುಲಿಯಲ್ಲೇ ಎಲೆ ಹಾಕಿದೆ. ನನಗೆ ತಲೆ ಎತ್ತಲು ನಾಚಿಕೆ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲೇ ಹೆಂಗಸರದೇ 'ಸ್ತ್ರೀ ನಾಟಕ ಮಂಡಳಿ' ಕಟ್ಟಿ, ಭೀಮ ಕಂಸರ ಪಾರ್ಟುಗಳನ್ನು ತಾವೇ ಮಾಡಿ, 2012ರಲ್ಲಿ ಪದ್ಮಶ್ರೀ ಪಡೆದ ನಾಡು ನಮ್ಮದು. ಆದರೂ ಜಗುಲಿ ದಾಟಿಸಲು ನನಗೆ ಧೈರ್ಯ ಬರಲಿಲ್ಲ. ಆಕೆ ಬೇಸರ ತೋರಲಿಲ್ಲ. ಮೊಸರು ಬೇಡ, ಬಿಸಿನೀರು ಸಾಕು ಅಂದರು. ಕೈ ತೊಳೆಯುವಾಗ ಮೆಲ್ಲಗೆ, "ಅಕ್ಕ, ಕರ್ಣ ನಿಮ್ಮೆಜಮಾನ್ರಲ್ವಾ? ಪದ ಮರೆತ್ರೆ ಹೆದರಬ್ಯಾಡಿ, ನನ್ನ ಮುಖ ನೋಡಿ ಅಂತ ಹೇಳಿ" ಅಂದರು. ಮಾತು ಬಿಟ್ಟಿದ್ದೆನಲ್ಲ, ನಾನು ಹೇಳಲಿಲ್ಲ.

ಬೆಳಗಿನ ಜಾವ ಮೂರರ ಹೊತ್ತಿಗೆ ಕುಂತಿ ಕರ್ಣನ ಬಳಿ ಬರುವ ಸೀನು. ಅರ್ಧದಲ್ಲಿ ನಮ್ಮವರು ನಿಂತುಬಿಟ್ಟರು. ಬಾಯಿ ತೆರೆದಿದೆ, ಪದ ಇಲ್ಲ. ನನ್ನ ಕೈಕಾಲು ತಣ್ಣಗಾದವು. ಮೂರು ತಿಂಗಳ ಬಟವಾಡೆ ಹಾಳಾಗಿ ಹೋಗಲಿ, ಈ ಮನುಷ್ಯನ ಮಾನ ಉಳಿಯಲಿ ಎಂದು ಸೆರಗು ಹಿಡಿದು ಕೂತೆ. ಮೇಷ್ಟ್ರು ಒಂದೇ ಸ್ವರ ಒತ್ತಿ ಹಿಡಿದರು. ಅಷ್ಟರಲ್ಲಿ ಆಕೆ ಆಲಾಪನೆ ಎತ್ತಿಕೊಂಡರು. ತಾಲೀಮಿಗೆ ಬಂದವರಲ್ಲ, ನಮ್ಮೂರಿನ ಮಟ್ಟೂ ಅವರಿಗೆ ಗೊತ್ತಿಲ್ಲ. ಹಾಡುತ್ತಲೇ ಮಗನ ಸುತ್ತ ಒಂದು ಸುತ್ತು ಬಂದು, ಗಲ್ಲ ಹಿಡಿದು, ನಿನ್ನನ್ನು ನೀರಿಗೆ ಬಿಟ್ಟ ದಿನ ನನ್ನ ಎದೆಹಾಲು ಏನಾಯಿತು ಗೊತ್ತೇನಪ್ಪ ಎಂದು ಮಾತಿಗಿಳಿದರು. ಪುಸ್ತಕದಲ್ಲಿಲ್ಲದ ಮಾತು. ಆ ಮಾತಿನ ಕೊನೆಗೆ ನಮ್ಮವರ ಪದದ ಮೊದಲಕ್ಷರವನ್ನು ಪೋಣಿಸಿ ಕೊಟ್ಟರು. ಅವರು ಹಿಡಿದುಕೊಂಡರು. ಅವರು ಅಷ್ಟು ಚೆನ್ನಾಗಿ ಹಾಡಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮೂರು ಸಲ ಒನ್ಸ್ ಮೋರ್ ಆಯಿತು.

ಬಯಲಿನಲ್ಲಿದ್ದವರಿಗೆ ಅವರು ಮರೆತದ್ದೇ ತಿಳಿಯಲಿಲ್ಲ ಅಂದುಕೊಂಡೆ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅತ್ತೆ ಮೆಲ್ಲಗೆ, "ಮರ್ತ್‌ಬಿಟ್ಟಿದ್ದ ಅಲ್ವೇನೇ ನನ್ಮಗ?" ಅಂದರು. ಹೂಂ ಅಂದೆ. ಮತ್ತೆ ಮಾತಿಲ್ಲ.

ಬೆಳಗ್ಗೆ ಆಕೆ ಬಣ್ಣ ತೊಳೆದುಕೊಂಡು ಬಸ್ಸಿಗೆಂದು ಚೀಲ ತೆಗೆದುಕೊಳ್ಳಲು ಬಂದಾಗ ಅತ್ತೆಯೇ ಬಾಗಿಲಿಗೆ ಹೋಗಿ, "ಒಳಕ್ಕೆ ಬಾರವ್ವ, ಕಾಪಿ ಕುಡ್ಕೊಂಡು ಹೋಗೀವಂತೆ" ಎಂದು ಅಡುಗೆಮನೆಯಲ್ಲಿ ಮಣೆ ಹಾಕಿದರು.

ಈಗ ಮೇಷ್ಟ್ರಿಗೆ ಎಂಬತ್ತರ ಮೇಲೆ. ಕಾಲಲ್ಲಿ ತುಳಿಯಲಾಗದು. ಶಿಷ್ಯನೊಬ್ಬ ಕೀಬೋರ್ಡು ನುಡಿಸುತ್ತಾನೆ, ಮೇಷ್ಟ್ರು ಪಕ್ಕದಲ್ಲಿ ತೊಡೆ ತಟ್ಟಿಕೊಂಡು ಕೂರುತ್ತಾರೆ. ತಾತನ ಮೊಮ್ಮಗ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾನೆ. ತಾತ ಅದನ್ನು ಕೇಳಿ "ಆ ರಾತ್ರಿ ಕುಂತಿ ಪದ ಕೇಳಬೇಕಿತ್ತು ಕಣೋ ನೀನು" ಎಂದು ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಆಕೆ ಈಗ ಗಾಂಧಾರಿಯ ಪಾರ್ಟಿಗೆ ಬರುತ್ತಾರೆ. ಅತ್ತೆಗೆ ಕಣ್ಣು ಮಂಜು. ಬಸ್ಸಿನ ಹೊತ್ತಾಯಿತೆಂದರೆ "ಕುಂತಿ ಬಂದ್ಲೇನೇ?" ಎಂದು ನಾಲ್ಕು ಸಲ ಕೇಳುತ್ತಾರೆ.

ನಮ್ಮವರು ವಯಸ್ಸಾಯಿತೆಂದು ಕರ್ಣನಿಂದ ದ್ರೋಣನಿಗೆ ಇಳಿದಿದ್ದಾರೆ. ಮೊನ್ನೆ ಬಟವಾಡೆಯ ದುಡ್ಡನ್ನು ನಾನೇ ಎಣಿಸಿ ಕೊಟ್ಟೆ. ಸ್ವಲ್ಪ ಕಡಿಮೆಯೇ ಕೊಟ್ಟೆ ಅನ್ನಿ. ದ್ರೋಣನಿಗೆ ಅಷ್ಟು ಸಾಕು.