ಹಳೆಯ ವಸ್ತುಗಳ ವರ್ಣಚಿತ್ರಣ

ಚಿತ್ರಲೇಖನವು ಹೆಣ್ಣುಮಕ್ಕಳಿಗೆ ಹೂಬಳ್ಳಿಗಳನ್ನು ಬರೆಯುವ ವಿರಾಮದ ವಿನೋದವೆಂದು ಹಲವರು ಭಾವಿಸಿರುವರು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಕಂಡ ವಸ್ತುವನ್ನು ಕಂಡಂತೆಯೇ ಬರೆದಿಡುವುದು ಚರಿತ್ರೆಗೆ ಸಲ್ಲಿಸುವ ಸೇವೆಯೇ ಸರಿ.

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಾಲ್ವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಶಿಲೆಯಿದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಶಾಸನವು ಸಾರುತ್ತದೆ. ಆದರೆ ಅಂತಹ ಕಲ್ಲನ್ನು ತಂದ ಬಗೆಯನ್ನು ತಿಳಿಸುವುದು ಅದೇ ಗೋಡೆಯಲ್ಲಿ ಕೊರೆದ ಚಿತ್ರ: ಗಾಲಿಯ ಬಂಡಿ, ಸಾಲಾಗಿ ಹೂಡಿದ ಕೋಣಗಳು, ಸನ್ನೆಗೋಲಿನಿಂದ ಗಾಲಿಯನ್ನು ಮೀಟುವ ಆಳುಗಳು. ಬಂಡಿಯು ಅಲ್ಪವಸ್ತುವೆಂದು ಆ ಶಿಲ್ಪಿಯು ಬಿಟ್ಟಿದ್ದರೆ ನಮಗೆ ಅರಸರ ಹೆಸರು ಮಾತ್ರ ಉಳಿಯುತ್ತಿತ್ತು.

1520ರಲ್ಲಿ ಇದೇ ಕೋಟೆಗಾಗಿ ನಡೆದ ಯುದ್ಧದಲ್ಲಿ ಪೋರ್ತುಗೀಜ ಬಂದೂಕುಗಾರರು ಕೃಷ್ಣದೇವರಾಯನ ಪಕ್ಷದಲ್ಲಿದ್ದರೆಂದು ನೂನಿಜನು ಬರೆದಿದ್ದಾನೆ. ಆ ಬಂದೂಕಿನ ಬತ್ತಿ ಎಲ್ಲಿತ್ತು, ಹಿಡಿಯ ಮರ ಹೇಗೆ ಬಾಗಿತ್ತು ಎಂಬುದು ಮಾತಿನಿಂದ ಕಣ್ಣಿಗೆ ಕಟ್ಟದು.

ಅಮೇರಿಕಾದವರು ಈ ಕೊರತೆಯನ್ನು ಅರಿತು 1935ರಲ್ಲಿ, ನಿರುದ್ಯೋಗದ ದುರ್ದಿನಗಳಲ್ಲಿ, ಕೆಲಸವಿಲ್ಲದ ಚಿತ್ರಕಾರರನ್ನು ನೇಮಿಸಿದರು. ಮಡಕೆ, ಗೊಂಬೆ, ಹೊದಿಕೆ, ಹಳೆಯ ಬಂದೂಕುಗಳನ್ನು ಅವರು ನೀರುಬಣ್ಣದಲ್ಲಿ ಮರದ ಎಳೆ, ಲೋಹದ ತುಕ್ಕು ಸಹಿತವಾಗಿ ಬರೆದರು. 1942ರ ವರೆಗೆ ಸಿದ್ಧವಾದ ಸುಮಾರು 18,000 ಚಿತ್ರಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿವೆ.

ಹಿಂಸೆಯ ಆಯುಧವನ್ನು ಬಾಲಿಕೆಯರೇಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಒಂದೇ ಕುಂಚದಿಂದ, ಒಂದೇ ಶ್ರದ್ಧೆಯಿಂದ ಬರೆದಾಗ ಬಂದೂಕಿಗೂ ಮೊರಕ್ಕೂ ಸಮಾನಸ್ಥಾನ ದೊರೆಯುವುದು. ಬಂದೂಕಿನ ಆಡಂಬರ ಅಲ್ಲಿಗೇ ಇಳಿಯುವುದು. ಕೋಟೆಯ ಫಿರಂಗಿಗಳನ್ನು ನೋಡಲು ಜನರು ದೂರದಿಂದ ಬರುತ್ತಾರೆ. ನಮ್ಮ ಹಿತ್ತಲಲ್ಲಿ ಬಿದ್ದಿರುವ ಬೀಸುವ ಕಲ್ಲನ್ನು ನೋಡುವವರಾರು? ಆ ಕಲ್ಲು ಎಷ್ಟು ಮನೆಗಳನ್ನು ಸಾಕಿತು!

ಛಾಯಾಚಿತ್ರವೇ ಸಾಲದೇ ಎಂಬವರಿಗೆ ಇಷ್ಟೇ ಉತ್ತರ: ಕ್ಯಾಮೆರಾ ಕ್ಷಣದಲ್ಲಿ ಮುಗಿಸುತ್ತದೆ, ಬರೆಯುವವಳು ಗಂಟೆಗಟ್ಟಲೆ ನೋಡಬೇಕು. ಗೂಟವು ಕಲ್ಲಿನ ಅಂಚಿಗೇಕಿದೆಯೆಂದು ಅಜ್ಜಿಯನ್ನು ಕೇಳಿಯೇ ತಿಳಿಯಬೇಕು.

ಆದುದರಿಂದ ನಮ್ಮ ಕವಿತಾಳ ಸೀಮೆಯ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ವರ್ಷಕ್ಕೊಂದು ಮನೆಯ ವಸ್ತುವನ್ನು, ಕೂರಿಗೆಯನ್ನಾಗಲಿ ಸೇರನ್ನಾಗಲಿ, ಅಳೆದು ಬರೆದು, ಅದರ ಮನೆಮಾತಿನ ಹೆಸರನ್ನೂ ಬಳಸಿದವರ ಹೆಸರನ್ನೂ ಕೆಳಗೆ ಬರೆಯಲಿ. ಅಜ್ಜಿಯರು ಬದುಕಿರುವಾಗಲೇ ಈ ಕಾರ್ಯವು ಆಗತಕ್ಕದ್ದು.