ಗಂಧದ ಪೆಟ್ಟಿಗೆ
ನನ್ನಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಅಂಗಡಿಯ ಕಟ್ಟೆಯ ಮೇಲೆ ನಿಂತು, ಸಾಲಾಗಿ ಜೋಡಿಸಿಟ್ಟ ಹತ್ತಾರು ಸೋಪುಗಳ ನಡುವೆ ಬೆರಳಿಟ್ಟು ‘ಅದು ಕೊಡಪ್ಪ’ ಎನ್ನುತ್ತಿದ್ದುದು ಮೈಸೂರು ಸ್ಯಾಂಡಲ್ಲಿಗೇ. ಗುರುತು ಎಂದರೆ ಇದು. ಆ ಗುರುತು ಹುಟ್ಟಿದ ಬಗೆ ಹೀಗೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಸಾಗಣೆ ನಿಂತು ಮರ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಮೈಸೂರು ಸಂಸ್ಥಾನವೇ ಗಂಧದೆಣ್ಣೆ ತೆಗೆಯತೊಡಗಿತು. ಆ ಎಣ್ಣೆಯಿಂದ ಸಾಬೂನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳು ರಸಾಯನಶಾಸ್ತ್ರಜ್ಞರು. ಆದರೆ ಅವರ ಕಣ್ಣು ಕಲಾವಿದನದು. ಸಾಬೂನೆಲ್ಲ ಚೌಕವಾಗಿದ್ದಾಗ ಇದಕ್ಕೆ ಮೊಟ್ಟೆಯಾಕಾರ ಕೊಟ್ಟರು, ಒಡವೆ ಪೆಟ್ಟಿಗೆಯಂಥ ಡಬ್ಬಿ ಮಾಡಿಸಿದರು, ಆನೆಯ ತಲೆ ಸಿಂಹದ ಮೈಯ ಶರಭವನ್ನು ಲಾಂಛನವಾಗಿಟ್ಟರು. ಒಡವೆ ಪೆಟ್ಟಿಗೆ ಎಂಬ ಆ ಯೋಚನೆ ನನಗೆ ಇಂದಿಗೂ ಬೆರಗು. ಎಷ್ಟೋ ಮನೆಗಳಲ್ಲಿ ಸೋಪು ಮುಗಿದ ಮೇಲೂ ಖಾಲಿ ಡಬ್ಬಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಉಳಿಯುತ್ತದೆ. ಅಜ್ಜಿಯ ಟ್ರಂಕಿನ ಮುಚ್ಚಳ ತೆಗೆದರೆ ನುಸಿಗುಳಿಗೆಗಿಂತ ಮೊದಲು ಮೂಗಿಗೆ ಬರುತ್ತಿದ್ದುದು ಆ ಪರಿಮಳ. ಈಗ ಹೊಸ ಅಂಗಡಿ ತೆರೆದವರು ಎರಡು ವರ್ಷಕ್ಕೊಮ್ಮೆ ಬೋರ್ಡಿನ ಬಣ್ಣ, ಅಕ್ಷರ, ಚೀಲ ಎಲ್ಲ ಬದಲಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಗಿರಾಕಿಯ ಕಣ್ಣಿಗೆ ರೂಢಿಯಾಗುವ ಹೊತ್ತಿಗೇ ಅಳಿಸಿಬಿಡುತ್ತಾರೆ. ಶರಭ ಮಾತ್ರ ಶತಮಾನ ದಾಟಿ ಅದೇ ಡಬ್ಬಿಯ ಮೇಲೆ ನಿಂತಿದೆ.